ಕೈಗಡಕ್ಕೆ ಮೂರು ವರ್ಷ

ಔಷಧಿಯ ಡಬ್ಬಿ ಕೈಗೆ ಬಂದಾಗ ನಾವು ಫಾರ್ಮಸಿಸ್ಟರು ಮೊದಲು ನೋಡುವುದು ಅವಧಿ ಮುಗಿಯುವ ದಿನಾಂಕವನ್ನು. ಭಾವನಿಗೆ ಕೊಟ್ಟ ಕೈಗಡಕ್ಕೂ, ಊರಿನ ಮನೆಯ ಬಾಡಿಗೆದಾರ ಉಳಿಸಿಕೊಂಡ ಬಾಕಿಗೂ ಅಂಥದೇ ಒಂದು ದಿನಾಂಕವಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಭಾರತದ ಕಾನೂನಿನಲ್ಲಿ ಅದು ಮೂರು ವರ್ಷ. ಈ ಮೂರು ವರ್ಷದ ಹಿಂದೆ ದೊಡ್ಡದೊಂದು ಚರಿತ್ರೆಯಿದೆ.

ನಮ್ಮ ಹಿರಿಯರ ಲೆಕ್ಕದಲ್ಲಿ ಸಾಲ ಸಾಯುತ್ತಿರಲಿಲ್ಲ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂದು ಶಾಸ್ತ್ರಗಳು ಹೇಳಿದವು. ಬಡ್ಡಿ ಅಸಲನ್ನು ಮೀರಬಾರದು ಎಂಬ 'ದಾಮದುಪ್ಪಟ್' ನಿಯಮವೂ ಇತ್ತು. ಸಣ್ಣಪುಟ್ಟ ತಕರಾರುಗಳನ್ನು ಊರ ಪಂಚರು ಕೂತು ಬಗೆಹರಿಸುತ್ತಿದ್ದರು. ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂಬುದು ಊರಿಗೇ ಗೊತ್ತಿದ್ದುದರಿಂದ ಕಾಗದದ ಅಗತ್ಯವೂ ಅಷ್ಟಿರಲಿಲ್ಲ.

ಇಂಗ್ಲೆಂಡಿನಲ್ಲಿ 1623ರ ಕಾನೂನು ಇಂಥ ಸಾಲದ ದಾವೆಗಳಿಗೆ ಆರು ವರ್ಷದ ಗಡುವು ಹಾಕಿತ್ತು. ಬ್ರಿಟಿಷ್ ಸರ್ಕಾರ ಭಾರತಕ್ಕೆ 1859ರಲ್ಲಿ ಕಾಲಮಿತಿ ಕಾಯ್ದೆ ತಂದಾಗ, ನೋಂದಣಿಯಾಗದ ಸಾಲಕ್ಕೆ ಮೂರೇ ವರ್ಷ ಎಂದಿತು. ಹಳೆಯ ಸಾಲದ ಹೆಸರಿನಲ್ಲಿ ರೈತನನ್ನು ಬಹುಕಾಲ ಕಾಡಬಾರದು ಎಂಬ ಎಣಿಕೆ ಒಳ್ಳೆಯದೇ. ಆದರೆ ಆದದ್ದು ಬೇರೆ. ಗಡುವು ಮುಗಿಯುವ ಮುನ್ನ ಸಾಹುಕಾರ ರೈತನನ್ನು ಕರೆಸಿ, ಬಡ್ಡಿಯನ್ನು ಅಸಲಿಗೆ ಸೇರಿಸಿ, ಹೊಸ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳತೊಡಗಿದ. ಮೂರು ವರ್ಷಕ್ಕೊಮ್ಮೆ ಸಾಲ ಉಬ್ಬುತ್ತಾ ಹೋಯಿತು. ಅಮೆರಿಕದ ಅಂತರ್ಯುದ್ಧ ಮುಗಿದು ಹತ್ತಿಯ ಬೆಲೆಯೂ ಬಿದ್ದ ಮೇಲೆ ರೈತನಿಗೆ ಉಸಿರು ಕಟ್ಟಿತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪೆಯಲ್ಲಿ ಗಲಭೆ ಶುರುವಾಯಿತು. ಜನರ ಸಿಟ್ಟು ಮುಖ್ಯವಾಗಿ ತಿರುಗಿದ್ದು ಸಾಲಪತ್ರಗಳ ಮೇಲೆ. ಅವನ್ನು ಕಿತ್ತು ಸುಟ್ಟರು.

ಇದರಿಂದ ಎಚ್ಚೆತ್ತ ಸರ್ಕಾರ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ತಂದು, ಅಲ್ಲಿನ ರೈತರ ಸಾಲಕ್ಕೆ ಗಡುವನ್ನು ಆರು ವರ್ಷಕ್ಕೂ, ನೋಂದಾಯಿತ ಪತ್ರಕ್ಕೆ ಹನ್ನೆರಡು ವರ್ಷಕ್ಕೂ ಏರಿಸಿತು. ಕಾಯ್ದೆಯ ಹಲವು ಭಾಗಗಳು ಮುಂದೆ ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳಿಗೂ ಬಂದವು. ಸಣ್ಣ ದಾವೆಗಳು ಬೇಗ ಮುಗಿಯಲೆಂದು ಲಘು ವ್ಯವಹಾರಗಳ ನ್ಯಾಯಾಲಯಗಳೂ ಹುಟ್ಟಿಕೊಂಡವು. 1850ರಲ್ಲಿ ಕಲ್ಕತ್ತ, ಮದರಾಸು, ಮುಂಬಯಿ ನಗರಗಳಿಗೆ ಕಾಯ್ದೆ ಬಂತು. 1887ರಲ್ಲಿ ಪ್ರಾಂತ್ಯಗಳಿಗೆ ಒಂದು. ನಮ್ಮ ರಾಜ್ಯದ್ದೇ ಆದ ಕಾಯ್ದೆ 1964ರದು.

ಈಗ ನಡೆಯುತ್ತಿರುವುದು 1963ರ ಕಾಲಮಿತಿ ಕಾಯ್ದೆ. ಕೈಗಡಕ್ಕೂ ಬಾಡಿಗೆ ಬಾಕಿಗೂ ಅದರಲ್ಲಿ ಮತ್ತೆ ಮೂರು ವರ್ಷ. "ಕೇಳಿದಾಗ ಕೊಡುತ್ತೇನೆ" ಎಂದು ಪಡೆದ ಸಾಲಕ್ಕೆ ಲೆಕ್ಕ ಶುರುವಾಗುವುದು ನಾವು ಕೇಳಿದ ದಿನದಿಂದಲ್ಲ, ಕೊಟ್ಟ ದಿನದಿಂದ. ಇನ್ನೊಂದು ಮಾತು ಗಲ್ಫಿನವರಿಗೆ ಬಹಳ ಮುಖ್ಯ. ಸಾಲ ಪಡೆದವನು ಭಾರತದ ಹೊರಗಿದ್ದರೆ ಆ ಕಾಲವನ್ನು ಗಡುವಿನಿಂದ ಕಳೆಯುತ್ತಾರೆ. ಸಾಲ ಕೊಟ್ಟವನು ಹೊರಗಿದ್ದರೆ ಕಳೆಯುವುದಿಲ್ಲ. ಊರಿನಲ್ಲಿ ಸಾಲ ಮಾಡಿ ಇಲ್ಲಿಗೆ ಬಂದವನ ತಲೆಯ ಮೇಲಿನ ಗಡುವು ಮುಗಿಯದೆ ನಿಂತಿರುತ್ತದೆ. ಇಲ್ಲಿ ದುಡಿದು ಊರಿಗೆ ಕೊಟ್ಟವನ ಗಡುವು ಓಡುತ್ತಲೇ ಇರುತ್ತದೆ.

ಎರಡು ವರ್ಷಕ್ಕೊಮ್ಮೆ ರಜೆ ಸಿಗುವವನ ಲೆಕ್ಕ ಹಾಕಿ ನೋಡಿ. 2022ರ ಏಪ್ರಿಲ್‌ನಲ್ಲಿ ಭಾವನ ಅಂಗಡಿಗೆಂದು ಎರಡು ಲಕ್ಷ ಕೊಟ್ಟ. 2024ರ ರಜೆಯಲ್ಲಿ ಮನೆಯಲ್ಲಿ ಮದುವೆ, ಕೇಳಲು ಮುಜುಗರ. 2026ರ ರಜೆಯಲ್ಲಿ ಕೇಳೋಣ ಎನ್ನುವಷ್ಟರಲ್ಲಿ ಕೋರ್ಟಿನ ಬಾಗಿಲು ಮುಚ್ಚಿ ಒಂದು ವರ್ಷವಾಗಿರುತ್ತದೆ.

ಆ ಬಾಗಿಲು ತೆರೆದಿಡುವ ದಾರಿಯೂ ಕಾನೂನಿನಲ್ಲಿದೆ. ಗಡುವಿನೊಳಗೆ ಸಾಲಗಾರ "ಇಷ್ಟು ಬಾಕಿ ಇದೆ" ಎಂದು ಬರೆದು ಸಹಿ ಹಾಕಿದರೆ ಆ ದಿನದಿಂದ ಹೊಸ ಮೂರು ವರ್ಷ. ಸ್ವಲ್ಪ ಹಣ ತೀರಿಸಿ, ಅದನ್ನು ತನ್ನ ಕೈಯಿಂದ ಬರೆದುಕೊಟ್ಟರೂ ಹಾಗೆಯೇ. ಗಡುವು ಮುಗಿದ ಮೇಲೂ "ತೀರಿಸುತ್ತೇನೆ" ಎಂದು ಬರೆದು ಸಹಿ ಮಾಡಿದರೆ, 1872ರ ಕರಾರು ಕಾಯ್ದೆ ಆ ಮಾತನ್ನು ಒಪ್ಪುತ್ತದೆ. ದಾವೆ ಹೂಡಲು ನಾವೇ ಹೋಗಬೇಕೆಂದಿಲ್ಲ. ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರಪತ್ರವನ್ನು ನಂಬಿಕಸ್ತರ ಹೆಸರಿಗೆ ಕಳಿಸಬಹುದು. ಕೋರ್ಟು ಬೇಡವೆನ್ನುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಲೋಕ ಅದಾಲತ್ ಇದೆ. ಅಲ್ಲಿ ಶುಲ್ಕವಿಲ್ಲ, ಇಬ್ಬರೂ ಒಪ್ಪಿದರೆ ಆ ರಾಜಿಗೆ ಕೋರ್ಟಿನ ಡಿಕ್ರಿಯ ಬೆಲೆಯಿದೆ.

"ನಮ್ಮವರ ಹತ್ತಿರ ಕಾಗದ ಬರೆಸಿಕೊಳ್ಳುವುದೇ?" ಎಂಬ ಸಂಕೋಚ ನಮ್ಮಲ್ಲಿದೆ. ಅಂದು ಸೂಪೆಯಲ್ಲಿ ಸುಟ್ಟದ್ದು ಓದಲು ಬಾರದವನಿಂದ ಒತ್ತಿಸಿಕೊಂಡ ಪತ್ರಗಳನ್ನು. ಇಬ್ಬರೂ ಓದಿ, ತಿಳಿದು, ಸಹಿ ಹಾಕಿದ ಒಂದು ಹಾಳೆ ಬೇರೆಯೇ. ಊರ ಪಂಚರ ನೆನಪು ಮಾಡುತ್ತಿದ್ದ ಕೆಲಸವನ್ನು ಈಗ ಅದೇ ಮಾಡಬೇಕು. ಮುಂದಿನ ರಜೆಗೆ ಟಿಕೆಟ್ ತೆಗೆಯುವಾಗ, ಹಣ ಕಳಿಸಿದ ರಸೀದಿಯ ಮೇಲಿನ ತಾರೀಖನ್ನೂ ಒಮ್ಮೆ ನೋಡಿಕೊಳ್ಳಿ.