ಗಂಟಲು ಮತ್ತು ಧ್ವನಿಪೆಟ್ಟಿಗೆಯ ಶಸ್ತ್ರಚಿಕಿತ್ಸೆಯಲ್ಲಿ ಪೂರಕ ಔಷಧಗಳು: ರೋಗಿಗಳಿಗೆ ಮಾಹಿತಿ

ಕಲಬುರಗಿ ಜಿಲ್ಲೆಯ ಚಿಂಚೋಳಿ, ಚಂದ್ರಂಪಳ್ಳಿ, ಸೇಡಂ, ಚಿತ್ತಾಪುರ, ವಾಡಿ ಹಾಗೂ ಶಹಾಬಾದ್ ಭಾಗದ ರೋಗಿಗಳು ಗಂಟಲು ಅಥವಾ ಧ್ವನಿಪೆಟ್ಟಿಗೆಯ ಶಸ್ತ್ರಚಿಕಿತ್ಸೆಗೆ ಬಹುತೇಕ ಕಲಬುರಗಿ ನಗರದ ಆಸ್ಪತ್ರೆಗಳನ್ನು ಅವಲಂಬಿಸಿರುತ್ತಾರೆ. ಇಂತಹ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಯ ಜೊತೆಗೆ ಕೆಲವು ಪೂರಕ ಔಷಧಗಳನ್ನೂ ನೀಡಲಾಗುತ್ತದೆ. ಶಸ್ತ್ರಚಿಕಿತ್ಸೆ ನಡೆಯುವ ಸ್ಥಳವೇ ರೋಗಿಯ ಉಸಿರಿನ ದಾರಿಯೂ ಆಗಿರುವುದರಿಂದ ಇವುಗಳಿಗೆ ವಿಶೇಷ ಮಹತ್ವವಿದೆ.

ಗ್ಲೈಕೋಪೈರೋಲೇಟ್ ಜೊಲ್ಲನ್ನು ಕಡಿಮೆ ಮಾಡುತ್ತದೆ; ನಂತರ ಬಾಯಿ ಒಣಗುವುದು ಸಹಜ. ಗ್ಲಾಕೋಮಾ ಅಥವಾ ಮೂತ್ರಕಟ್ಟು ಇರುವವರು ಅದನ್ನು ಮೊದಲೇ ತಿಳಿಸತಕ್ಕದ್ದು. ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಊತವನ್ನೂ ವಾಂತಿಯನ್ನೂ ತಗ್ಗಿಸುತ್ತದೆ, ಆದರೆ ಮಧುಮೇಹಿಗಳಲ್ಲಿ ರಕ್ತದ ಸಕ್ಕರೆಯನ್ನು ಏರಿಸಬಹುದು. ರಕ್ತ ಒಸರುವುದನ್ನು ತಡೆಯಲು ಅಡ್ರಿನಲಿನ್ ದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಬಳಸುವುದುಂಟು. ಹೃದ್ರೋಗವಿದ್ದಲ್ಲಿ ವೈದ್ಯರಿಗೆ ತಿಳಿದಿರಬೇಕು. ಆಸ್ಪಿರಿನ್ ಮುಂತಾದ ರಕ್ತ ತೆಳುವಾಗಿಸುವ ಮಾತ್ರೆಗಳ ಹೆಸರನ್ನೂ ಹೇಳಬೇಕು. ಅವನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.

ಕೆಮ್ಮು ಹಾಗೂ ಧ್ವನಿಪೆಟ್ಟಿಗೆಯ ಸೆಳೆತವನ್ನು ತಡೆಯಲು ಸ್ವರತಂತುಗಳ ಮೇಲೆ ಲಿಗ್ನೋಕೇಯ್ನ್ ಸಿಂಪಡಿಸಲಾಗುತ್ತದೆ. ಇದರಿಂದ ಗಂಟಲು ಜೋಮು ಹಿಡಿಯುತ್ತದೆ. ಬಾಯಾರಿದೆ ಎಂದು ರೋಗಿ ಬೇಡಿದರೂ, ಕರುಣೆಯಿಂದ ಮನೆಯವರು ಒಂದು ಗುಟುಕು ನೀರು ಕುಡಿಸುವಂತಿಲ್ಲ. ಜೋಮು ಇಳಿಯುವ ಮುನ್ನ ಕುಡಿದ ನೀರು ಶ್ವಾಸನಾಳಕ್ಕೆ ಇಳಿದು ಪ್ರಾಣಾಪಾಯವಾಗಬಹುದು. ಶುಶ್ರೂಷಕಿಯರು ಅನುಮತಿಸಿದ ನಂತರವೇ ನೀರು ಕೊಡತಕ್ಕದ್ದು.

ಟಾನ್ಸಿಲ್ ತೆಗೆದ ಮಕ್ಕಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. ಕೆಲವು ಮಕ್ಕಳ ದೇಹದಲ್ಲಿ ಕೊಡೀನ್ ಅತಿ ಬೇಗ ಮಾರ್ಫಿನ್ ಆಗಿ ಬದಲಾಗಿ ಉಸಿರು ನಿಧಾನಗೊಳ್ಳುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2013ರಲ್ಲಿ ಈ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆ ನೀಡಿತು; 2017ರಲ್ಲಿ 12 ವರ್ಷದೊಳಗಿನವರಿಗೆ ಕೊಡೀನ್ ಹಾಗೂ ಟ್ರಮಡಾಲ್ ಎರಡನ್ನೂ ನಿಷೇಧಿಸಿತು. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಕೊಡೀನ್ ಇರುವುದರಿಂದ ಮನೆಯಲ್ಲಿ ಉಳಿದ ಸಿರಪ್ ಅನ್ನು ಮಗುವಿಗೆ ಕೊಡಕೂಡದು. ನೋವಿಗೆ ವೈದ್ಯರು ಬರೆದುಕೊಟ್ಟ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಬಳಕೆಯಲ್ಲಿದೆ. ಪ್ರತಿ ಟಾನ್ಸಿಲ್ ರೋಗಿಗೂ ಆ್ಯಂಟಿಬಯಾಟಿಕ್ ಅವಶ್ಯವಿಲ್ಲ. ಚೀಟಿಯಲ್ಲಿ ಇಲ್ಲದಿದ್ದರೆ ಅದನ್ನು ಲೋಪವೆಂದು ಭಾವಿಸಿ ಅಂಗಡಿಯಲ್ಲಿ ಕೊಳ್ಳಬೇಕಾಗಿಲ್ಲ.

ಟಾನ್ಸಿಲ್ ಗಾಯದ ಪೊರೆ ಕಳಚುವ ಸುಮಾರು 5ರಿಂದ 10ನೇ ದಿನದ ಅವಧಿಯಲ್ಲಿ, ಅಂದರೆ ರೋಗಿ ಊರಿಗೆ ಮರಳಿದ ಮೇಲೆ, ರಕ್ತಸ್ರಾವವಾಗುವ ಸಂಭವವಿರುತ್ತದೆ. ಬಾಯಿಂದ ಕೆಂಪು ರಕ್ತ ಬಂದಲ್ಲಿ, ಅಥವಾ ಮಗು ಪದೇ ಪದೇ ನುಂಗುತ್ತಿದ್ದಲ್ಲಿ, ಬೆಳಗಿನ ಬಸ್ಸಿಗೆ ಕಾಯದೆ 108ಕ್ಕೆ ಕರೆ ಮಾಡಿ ಸಮೀಪದ ಆಸ್ಪತ್ರೆಗೆ ತೆರಳತಕ್ಕದ್ದು.

2018ರಲ್ಲಿ ಜಾರಿಯಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಅನುಮೋದಿತ ಚಿಕಿತ್ಸೆಯ ಪ್ಯಾಕೇಜಿನಲ್ಲಿ ಆಸ್ಪತ್ರೆಯಲ್ಲಿರುವಾಗಿನ ಔಷಧಗಳೂ ಸೇರಿರುತ್ತವೆ. ಅರ್ಜಿದಾರರು ಆಧಾರ್ ಹಾಗೂ ಪಡಿತರ ಚೀಟಿಯೊಂದಿಗೆ, ತಾವು ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ಪೊಟ್ಟಣ ಸಮೇತ ತರುವುದು.