ಊರಿಗೆ ಮರಳಲೊಲ್ಲದವರು: ಕೊರಿಯಾ ಯುದ್ಧ ಮತ್ತು ಮಡಿಕೇರಿಯ ಜನರಲ್

ಊರಿನಿಂದ ಬಂದ ನೆಂಟರನ್ನು ವಾಷಿಂಗ್ಟನ್ ತೋರಿಸಲು ಕರೆದುಕೊಂಡು ಹೋದವರು ಲಿಂಕನ್ ಸ್ಮಾರಕದ ಹತ್ತಿರ ಉಕ್ಕಿನಲ್ಲಿ ಮಾಡಿದ 19 ಸೈನಿಕರ ಪ್ರತಿಮೆಗಳನ್ನು ನೋಡಿಯೇ ಇರುತ್ತೀರಿ. ಅದು ಕೊರಿಯಾ ಯುದ್ಧದ ಸ್ಮಾರಕ. ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತೇವೆ. ಅಮೆರಿಕಾದಲ್ಲೇ ಇದನ್ನು 'ಮರೆತುಹೋದ ಯುದ್ಧ' ಎಂದು ಕರೆಯುತ್ತಾರೆ. ಇನ್ನು ನಮಗೆ ನೆನಪಿರಲು ಕಾರಣವೇನಿದೆ ಎನ್ನಬಹುದು. ಕಾರಣವಿದೆ. ಈ ಯುದ್ಧ ಶುರುವಾದ ದಿನ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಗುಂಡಿನ ಸದ್ದು ನಿಂತ ಮೇಲೆ ಅದರ ಅತ್ಯಂತ ತೊಡಕಿನ ಗಂಟನ್ನು ಬಿಡಿಸಲು ಹೋದವರು ಮಡಿಕೇರಿಯಲ್ಲಿ ಹುಟ್ಟಿದ ಕೊಡವ ಸೇನಾನಿ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

ಆ ಗಂಟು ಯಾವುದೋ ಗುಡ್ಡದ್ದಲ್ಲ, ನದಿಯದ್ದಲ್ಲ. ಸೆರೆ ಸಿಕ್ಕ ಸೈನಿಕನೊಬ್ಬ "ನಾನು ನನ್ನ ದೇಶಕ್ಕೆ ವಾಪಸು ಹೋಗುವುದಿಲ್ಲ" ಎಂದರೆ ಏನು ಮಾಡಬೇಕು? ಅಣುಬಾಂಬು ಹಿಡಿದ ಎರಡು ಬಣಗಳು ಈ ಒಂದು ಪ್ರಶ್ನೆಯ ಮೇಲೆ ಸುಮಾರು ಒಂದೂವರೆ ವರ್ಷ ಹೆಚ್ಚಾಗಿ ಕಾದಾಡಿದವು.

ಬಾಂಬಿನ ಏಕಸ್ವಾಮ್ಯ ಮುಗಿದ ವರ್ಷ

ಹಿರೋಷಿಮಾದ ನಂತರ ನಾಲ್ಕು ವರ್ಷ ಅಣುಬಾಂಬು ಅಮೆರಿಕಾದ ಒಡೆತನದಲ್ಲಿ ಮಾತ್ರ ಇತ್ತು. 1949ರ ಆಗಸ್ಟ್ 29ರಂದು ಸೋವಿಯತ್ ಒಕ್ಕೂಟ ಕಜಾಕಸ್ತಾನದ ಸೆಮಿಪಲಾಟಿನ್ಸ್ಕ್ ಬಳಿ ತನ್ನ ಮೊದಲ ಬಾಂಬನ್ನು ಸಿಡಿಸಿತು. ಗುಟ್ಟಾಗಿ ಸಿಡಿಸಿದರೂ ಗಾಳಿ ಗುಟ್ಟು ಇಟ್ಟುಕೊಳ್ಳಲಿಲ್ಲ. ಅಮೆರಿಕಾದ ವಿಮಾನಗಳು ಆಕಾಶದಲ್ಲಿ ವಿಕಿರಣದ ಕುರುಹು ಹಿಡಿದವು. ಸೆಪ್ಟೆಂಬರ್ 23ರಂದು ಅಧ್ಯಕ್ಷ ಟ್ರೂಮನ್ ಸುದ್ದಿಯನ್ನು ಲೋಕಕ್ಕೆ ತಿಳಿಸಿದರು. ಅಕ್ಟೋಬರ್ 1ರಂದು ಪೀಕಿಂಗಿನಲ್ಲಿ ಮಾವೋ ಜನತಾ ಗಣರಾಜ್ಯವನ್ನು ಘೋಷಿಸಿದರು. 1950ರ ಜನವರಿ 31ರಂದು ಟ್ರೂಮನ್ ಇನ್ನೂ ದೊಡ್ಡದಾದ ಹೈಡ್ರೋಜನ್ ಬಾಂಬಿನ ಕೆಲಸಕ್ಕೆ ಒಪ್ಪಿಗೆ ಕೊಟ್ಟರು. ಆರು ತಿಂಗಳೊಳಗೆ ಜಗತ್ತು ಬೇರೆಯೇ ಆಗಿಹೋಯಿತು.

ಇನ್ನು ಕೊರಿಯಾ. 1945ರ ಆಗಸ್ಟಿನಲ್ಲಿ ಜಪಾನ್ ಶರಣಾಗುವ ಹೊತ್ತಿಗೆ ಅಮೆರಿಕಾದ ಇಬ್ಬರು ಅಧಿಕಾರಿಗಳು ಒಂದು ರಾತ್ರಿ ನಕಾಶೆ ಹರಡಿಕೊಂಡು 38ನೇ ಅಕ್ಷಾಂಶವನ್ನು ಗಡಿಯೆಂದು ಸೂಚಿಸಿದ್ದರು. ಮೇಲಿನದು ರಷ್ಯನ್ನರಿಗೆ, ಕೆಳಗಿನದು ಅಮೆರಿಕನ್ನರಿಗೆ. ಅಲ್ಲಿನ ಜನರನ್ನು ಯಾರೂ ಕೇಳಲಿಲ್ಲ. ಎರಡು ವರ್ಷದ ನಂತರ ಪಂಜಾಬ್ ಮತ್ತು ಬಂಗಾಳದ ಮೇಲೆ ಗೆರೆ ಎಳೆಸಿಕೊಂಡ ನಮಗೆ ಇದು ಪರಿಚಿತ ಕಥೆಯೇ.

1950ರ ಜೂನ್ 25ರಂದು ಉತ್ತರ ಕೊರಿಯಾದ ಸೈನ್ಯ ಆ ಗೆರೆ ದಾಟಿತು. ಅದೇ ದಿನ ನ್ಯೂಯಾರ್ಕಿನಲ್ಲಿ ಭದ್ರತಾ ಮಂಡಳಿ ಸೇರಿತು. ಆ ತಿಂಗಳ ಅಧ್ಯಕ್ಷತೆ ಭಾರತದ್ದು, ಪೀಠದಲ್ಲಿ ಬಿ. ಎನ್. ರಾವ್. ನಮ್ಮ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಸಲಹೆಗಾರರು ಇವರೇ. ಚೀನಾದ ಸ್ಥಾನ ಯಾರಿಗೆ ಸೇರಬೇಕೆಂಬ ಜಗಳದಲ್ಲಿ ಸೋವಿಯತ್ ಪ್ರತಿನಿಧಿ ಜನವರಿಯಿಂದಲೇ ಸಭೆಗೆ ಬರುತ್ತಿರಲಿಲ್ಲ. ಹಾಗಾಗಿ ನಿರಾಕರಣಾಧಿಕಾರ ಚಲಾಯಿಸುವವರಿಲ್ಲದೆ, ಉತ್ತರದ ಸೈನ್ಯ ಹಿಂದೆ ಸರಿಯಬೇಕೆಂಬ ಗೊತ್ತುವಳಿ ಪಾಸಾಯಿತು. ಭಾರತವೂ ಅದರ ಪರ ಮತ ಹಾಕಿತು. ಆದರೆ ವಿಶ್ವಸಂಸ್ಥೆಯ ಹೆಸರಿನಲ್ಲಿ ಹೋರಾಡಲು ಸೈನಿಕರನ್ನು ಕಳಿಸಲಿಲ್ಲ. ಗಾಯಾಳುಗಳ ಆರೈಕೆಗೆ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ದಳವನ್ನು ಕಳಿಸಿತು.

ಕೇಳಿಸದ ಎಚ್ಚರಿಕೆ

ಸೆಪ್ಟೆಂಬರಿನಲ್ಲಿ ಜನರಲ್ ಮೆಕಾರ್ಥರ್ ಇಂಚಾನ್ ಬಳಿ ಸೈನ್ಯ ಇಳಿಸಿ ಯುದ್ಧದ ದಿಕ್ಕನ್ನೇ ತಿರುಗಿಸಿದರು. ಈಗ ಗೆರೆ ದಾಟುವ ಸರದಿ ಇವರದು. ಅಕ್ಟೋಬರ್ 2ರ ನಡುರಾತ್ರಿ ಪೀಕಿಂಗಿನಲ್ಲಿ ಚೌ ಎನ್‌ಲಾಯ್ ಭಾರತದ ರಾಯಭಾರಿ ಕೆ. ಎಂ. ಪಣಿಕ್ಕರ್ ಅವರನ್ನು ಕರೆಸಿಕೊಂಡು, ಅಮೆರಿಕನ್ನರು 38ನೇ ಅಕ್ಷಾಂಶ ದಾಟಿದರೆ ಚೀನಾ ಸುಮ್ಮನಿರುವುದಿಲ್ಲ ಎಂದು ಹೇಳಿದರು. ಅಮೆರಿಕಾಕ್ಕೂ ಹೊಸ ಚೀನಾಕ್ಕೂ ಆಗ ಮಾತುಕತೆಯಿರಲಿಲ್ಲ. ಸುದ್ದಿ ದೆಹಲಿಯ ಮೂಲಕ ವಾಷಿಂಗ್ಟನ್ ಮುಟ್ಟಿತು. ಪಣಿಕ್ಕರ್ ಕಮ್ಯುನಿಸ್ಟರ ಕಡೆಗೆ ವಾಲಿದವರೆಂದು ಅಲ್ಲಿ ಅದನ್ನು ತಳ್ಳಿಹಾಕಿದರು. ಸುದ್ದಿ ತಂದವನ ಮೇಲಿನ ಅನುಮಾನದಲ್ಲಿ ಸುದ್ದಿಯೇ ಸುಳ್ಳಾಗಿ ಕಂಡಿತು. ಅಕ್ಟೋಬರ್ 19ರಿಂದ ಚೀನಾದ ಸೈನಿಕರು ಯಾಲು ನದಿ ದಾಟತೊಡಗಿದರು. ಚಳಿಗಾಲ ಬರುವಷ್ಟರಲ್ಲಿ ಮೆಕಾರ್ಥರರ ಸೈನ್ಯ ದಕ್ಷಿಣಕ್ಕೆ ಓಡುತ್ತಿತ್ತು.

ನವೆಂಬರ್ 30ರಂದು ಪತ್ರಕರ್ತರ ಪ್ರಶ್ನೆಗೆ ಉತ್ತರವಾಗಿ ಟ್ರೂಮನ್, ಅಣುಬಾಂಬಿನ ಬಳಕೆ ಯಾವಾಗಲೂ ಪರಿಶೀಲನೆಯಲ್ಲಿದೆ ಎಂದುಬಿಟ್ಟರು. ಬ್ರಿಟನ್ನಿನ ಪ್ರಧಾನಿ ಆಟ್ಲಿ ಗಾಬರಿಯಿಂದ ವಿಮಾನ ಹತ್ತಿ ವಾಷಿಂಗ್ಟನ್ನಿಗೆ ಧಾವಿಸಿದರು. ಅದೇ ಡಿಸೆಂಬರಿನಲ್ಲಿ ಇರಾನಿನ ಎಂತೆಜಾಮ್, ಕೆನಡಾದ ಪಿಯರ್ಸನ್ ಮತ್ತು ನಮ್ಮ ಬಿ. ಎನ್. ರಾವ್, ಮೂವರೂ ಸೇರಿ ಕದನವಿರಾಮದ ದಾರಿ ಹುಡುಕಿದರು. ಪೀಕಿಂಗ್ ಒಪ್ಪಲಿಲ್ಲ. 1951ರ ಏಪ್ರಿಲ್‌ನಲ್ಲಿ ಟ್ರೂಮನ್ ಒಂದೇ ವಾರದಲ್ಲಿ ಎರಡು ಕೆಲಸ ಮಾಡಿದರು: ಒಂಬತ್ತು ಅಣುಬಾಂಬುಗಳ ತಿರುಳನ್ನು ಸೇನೆಯ ವಶಕ್ಕೆ ಕೊಡಲು ಒಪ್ಪಿದರು, ಯುದ್ಧವನ್ನು ಚೀನಾದೊಳಕ್ಕೆ ಒಯ್ಯಬೇಕೆನ್ನುತ್ತಿದ್ದ ಮೆಕಾರ್ಥರರನ್ನು ಕೆಲಸದಿಂದ ತೆಗೆದರು. ಆ ಬಾಂಬುಗಳು ಬೀಳಲಿಲ್ಲ. ಎದುರಿಗಿರುವವನ ಬಳಿಯೂ ಬಾಂಬಿದ್ದಾಗ ನಮ್ಮದನ್ನು ಝಳಪಿಸಬಹುದೇ ಹೊರತು ಬಳಸುವುದು ಸುಲಭವಲ್ಲ ಎಂಬ ಪಾಠ ಕೊರಿಯಾದಿಂದಲೇ ಶುರುವಾಯಿತು.

"ನಾನು ಹೋಗುವುದಿಲ್ಲ"

1951ರ ಜುಲೈ 10ರಂದು ಕೇಸಾಂಗಿನಲ್ಲಿ ಸಂಧಾನ ಆರಂಭವಾಗಿ ಆಮೇಲೆ ಪಾನ್‌ಮುಂಜೋಮ್‌ಗೆ ಬಂತು. ಗಡಿ ಎಲ್ಲಿರಬೇಕು ಎಂಬ ವಿಷಯ ಬಹುಮಟ್ಟಿಗೆ ಬಗೆಹರಿಯಿತು. ಉಳಿದದ್ದು ಕೈದಿಗಳ ಪ್ರಶ್ನೆ.

1949ರ ಜಿನೀವಾ ಒಪ್ಪಂದದ ಪ್ರಕಾರ ಯುದ್ಧ ನಿಂತ ಕೂಡಲೇ ಎಲ್ಲ ಕೈದಿಗಳನ್ನೂ ಅವರವರ ದೇಶಕ್ಕೆ ಕಳಿಸಬೇಕು. ಕೈದಿಗಳನ್ನು ವರ್ಷಗಟ್ಟಲೆ ದುಡಿಸಿಕೊಳ್ಳಬಾರದೆಂಬ ಸದುದ್ದೇಶದಿಂದ ಬರೆದ ಮಾತು ಅದು. ಹೋಗಲು ಮನಸ್ಸಿಲ್ಲದ ಕೈದಿಯೂ ಇರಬಹುದೆಂದು ಬರೆದವರು ಅಷ್ಟಾಗಿ ಯೋಚಿಸಿರಲಿಲ್ಲ. 1952ರ ಏಪ್ರಿಲ್‌ನಲ್ಲಿ ಅಮೆರಿಕನ್ನರು ತಮ್ಮ ವಶದಲ್ಲಿದ್ದ ಸುಮಾರು 1,70,000 ಜನರನ್ನು ವಿಚಾರಿಸಿದಾಗ ಹಿಂತಿರುಗುತ್ತೇವೆ ಎಂದವರು 70,000ದಷ್ಟು ಮಾತ್ರ. ಚೀನಾ ಮತ್ತು ಉತ್ತರ ಕೊರಿಯಾಗಳಿಗೆ ಇದು ಮುಖಭಂಗ. ಯಾರೂ ಇಷ್ಟಪಡದ ಸ್ವರ್ಗವನ್ನು ಕಟ್ಟಿದ್ದೇವೆಂದು ಯಾವ ಸರಕಾರ ಒಪ್ಪಿಕೊಂಡೀತು?

ಟ್ರೂಮನ್ ಬಲವಂತದ ವಾಪಸಾತಿಗೆ ಖಂಡಿತ ಒಪ್ಪಲಿಲ್ಲ. 1945ರಲ್ಲಿ ಮಿತ್ರರಾಷ್ಟ್ರಗಳು ಸ್ಟಾಲಿನ್ನನ ಕೈಗೆ ಒಪ್ಪಿಸಿದ ಸೋವಿಯತ್ ಪ್ರಜೆಗಳಲ್ಲಿ ಎಷ್ಟೋ ಜನ ಸೀದಾ ಶಿಬಿರಗಳಿಗೆ ಹೋಗಿದ್ದರು. ಆ ಪಾಪ ಇನ್ನೂ ಹಸಿಯಾಗಿತ್ತು. ಇದು ತತ್ವವೂ ಹೌದು, ಪ್ರಚಾರವೂ ಹೌದು. ಆದರೆ ಕೈದಿಗಳ ಆ ಮಾತು ಸ್ವಂತದ್ದೇ? ಶಿಬಿರಗಳ ಒಳಗೆ ಎರಡೂ ಬಣಗಳ ಮುಖಂಡರು ಪ್ರತ್ಯೇಕ ರಾಜ್ಯಭಾರ ನಡೆಸುತ್ತಿದ್ದರು. ಒಂದು ಕಡೆ ಕಮ್ಯುನಿಸ್ಟರು. ಕೊಜೆ ದ್ವೀಪದ ಶಿಬಿರದಲ್ಲಿ ಇವರು 1952ರ ಮೇ ತಿಂಗಳಲ್ಲಿ ಶಿಬಿರದ ಮುಖ್ಯಸ್ಥ ಜನರಲ್ ಡಾಡ್‌ನನ್ನೇ ಸೆರೆ ಹಿಡಿದರು. ಇನ್ನೊಂದು ಕಡೆ ಕಮ್ಯುನಿಸ್ಟ್ ವಿರೋಧಿಗಳು. ಇವರು ಚೀನೀ ಕೈದಿಗಳ ಮೈಮೇಲೆ ಬಲವಂತವಾಗಿ ಘೋಷಣೆಗಳ ಹಚ್ಚೆ ಹಾಕಿಸಿದರು. ಆ ಹಚ್ಚೆ ಹೊತ್ತು ಊರಿಗೆ ಹೋದರೆ ಗತಿಯೇನು? ಮನಸ್ಸಿನಲ್ಲಿ ಏನೇ ಇರಲಿ, ಚರ್ಮ ಆಗಲೇ ತೀರ್ಮಾನ ಮಾಡಿಬಿಟ್ಟಿತ್ತು.

1952ರ ನವೆಂಬರ್ 1ರಂದು ಅಮೆರಿಕಾ ಶಾಂತಸಾಗರದ ಎನಿವೆಟಾಕ್‌ನಲ್ಲಿ ಸಿಡಿಸಿದ ಹೈಡ್ರೋಜನ್ ಸಾಧನ 10.4 ಮೆಗಾಟನ್, ಅಂದರೆ ಹಿರೋಷಿಮಾದ ನೂರಾರು ಪಟ್ಟು. ಅದೇ ತಿಂಗಳು ವಿಶ್ವಸಂಸ್ಥೆಯಲ್ಲಿ ಕೃಷ್ಣ ಮೆನನ್ ಕೈದಿಗಳ ವಿಷಯಕ್ಕೆ ಒಂದು ಮಧ್ಯದ ದಾರಿ ಸೂಚಿಸಿದರು: ಹೋಗಲೊಲ್ಲದವರನ್ನು ತಟಸ್ಥ ದೇಶಗಳ ಆಯೋಗವೊಂದಕ್ಕೆ ಒಪ್ಪಿಸೋಣ. ಸೋವಿಯತ್ ಪ್ರತಿನಿಧಿ ವಿಶಿನ್ಸ್ಕಿ ಇದನ್ನು ಹೀನಾಯವಾಗಿ ಟೀಕಿಸಿದರು. ಆದರೆ 1953ರ ಮಾರ್ಚ್ 5ರಂದು ಸ್ಟಾಲಿನ್ ತೀರಿಕೊಂಡ. ಜೂನ್ 8ರಂದು ಆದ ಕೈದಿಗಳ ಒಪ್ಪಂದ ಬಹಳಷ್ಟು ಮೆನನ್ ಸೂಚನೆಯ ಹಾಗೆಯೇ ಇತ್ತು. ಐಸೆನ್‌ಹೋವರ್ ಸರಕಾರದ ಅಣುಬೆದರಿಕೆಗೆ ಹೆದರಿ ಚೀನಾ ಮಣಿಯಿತು ಎಂದು ಅಮೆರಿಕಾದ ವಿದೇಶಾಂಗ ಸಚಿವ ಡಲ್ಲೆಸ್ ಆಮೇಲೆ ಹೇಳಿಕೊಂಡರು. ಆ ಬೆದರಿಕೆಯನ್ನು ದಾಟಿಸಿದರೆನ್ನಲಾದ ನೆಹರೂ ಅಂಥದ್ದೇನನ್ನೂ ದಾಟಿಸಲಿಲ್ಲ ಎಂದರು. ಇತಿಹಾಸಕಾರರ ವಾದ ಮುಗಿದಿಲ್ಲ. ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿತ್ತು. ಹದಿನಾರೇ ದಿನಕ್ಕೆ, ಆಗಸ್ಟ್ 12ರಂದು, ಸೋವಿಯತ್ ಒಕ್ಕೂಟವೂ ತನ್ನ ಹೈಡ್ರೋಜನ್ ಸಾಧನವನ್ನು ಸಿಡಿಸಿತು.

ಎರಡು ಬಾಗಿಲಿನ ಡೇರೆ

ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್‌ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಮತ್ತು ಭಾರತ. ಎರಡು ಆ ಕಡೆ, ಎರಡು ಈ ಕಡೆ. ನಡುವೆ ಅಧ್ಯಕ್ಷರಾಗಿ ತಿಮ್ಮಯ್ಯ. ಕೈದಿಗಳನ್ನು ಕಾಯಲು ಮೇಜರ್ ಜನರಲ್ ಥೋರಟ್ ನೇತೃತ್ವದಲ್ಲಿ ಸಾವಿರಾರು ಭಾರತೀಯ ಸೈನಿಕರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀಗೆ ಭಾರತವೆಂದರೆ ಕಮ್ಯುನಿಸ್ಟರ ಸ್ನೇಹಿತ. ತನ್ನ ನೆಲದ ಮೇಲೆ ಭಾರತೀಯ ಸೈನಿಕ ಕಾಲಿಡಕೂಡದೆಂದ. ಹಾಗಾಗಿ ನಮ್ಮವರನ್ನು ಹಡಗುಗಳಿಂದ ಹೆಲಿಕಾಪ್ಟರಿನಲ್ಲಿ ಎತ್ತಿ ನೇರವಾಗಿ ಸೈನ್ಯರಹಿತ ವಲಯದಲ್ಲಿ ಇಳಿಸಬೇಕಾಯಿತು. ಅಲ್ಲಿ ಅವರು ಕಟ್ಟಿಕೊಂಡ ಡೇರೆಗಳ ಊರಿಗೆ 'ಹಿಂದ್ ನಗರ' ಎಂದು ಹೆಸರಿಟ್ಟರು.

ಅಮೆರಿಕನ್ನರು ಒಪ್ಪಿಸಿದ ಕೈದಿಗಳು 22,000ಕ್ಕೂ ಹೆಚ್ಚು, ಹೆಚ್ಚಿನವರು ಚೀನೀಯರು. ಉತ್ತರದವರು ಒಪ್ಪಿಸಿದ್ದು 359; ಅವರಲ್ಲಿ 23 ಅಮೆರಿಕನ್ನರು, ಒಬ್ಬ ಬ್ರಿಟಿಷ್, ಉಳಿದವರು ಕೊರಿಯನ್ನರು. ಒಪ್ಪಂದದ ಪ್ರಕಾರ 90 ದಿನ ಅವರವರ ದೇಶದ ಅಧಿಕಾರಿಗಳು ಬಂದು ಒಬ್ಬೊಬ್ಬ ಕೈದಿಗೂ ತಿಳಿಹೇಳಬಹುದು. ಕೈದಿ ಡೇರೆಯೊಳಗೆ ಬರುತ್ತಾನೆ, ಕೇಳುತ್ತಾನೆ. ಡೇರೆಗೆ ಹೊರಹೋಗಲು ಎರಡು ಬಾಗಿಲು. ಒಂದು ಊರಿಗೆ, ಇನ್ನೊಂದು ಶಿಬಿರಕ್ಕೆ. ಕಾಗದದ ಮೇಲೆ ಇದಕ್ಕಿಂತ ಸರಳವಾದದ್ದು ಇನ್ನೇನಿದೆ?

ನಡೆದದ್ದೇ ಬೇರೆ. ಮುಖಂಡರ ಹಿಡಿತದಲ್ಲಿದ್ದ ಕೈದಿಗಳು ಡೇರೆಗೆ ಬರಲು ಒಪ್ಪಲಿಲ್ಲ. ಬಂದವರು ಕಿರುಚಿದರು, ಕುರ್ಚಿ ಎಸೆದರು. ತಿಳಿಹೇಳುವವರು ಒಬ್ಬೊಬ್ಬನ ಮೇಲೆ ಗಂಟೆಗಟ್ಟಲೆ ಕಳೆದರು. ಒಮ್ಮೆ ಕೈದಿಗಳು ಭಾರತೀಯ ಅಧಿಕಾರಿಯೊಬ್ಬರನ್ನು ಒಳಗೆ ಎಳೆದುಕೊಂಡಾಗ ಥೋರಟ್ ತಾವೇ ಮುಳ್ಳುತಂತಿಯ ಒಳಗೆ ನಡೆದುಹೋಗಿ ಬಿಡಿಸಿಕೊಂಡು ಬಂದರು. ಇನ್ನೊಮ್ಮೆ ಕಾವಲುಗಾರರು ಗುಂಡು ಹಾರಿಸಬೇಕಾಗಿ ಬಂದು ಕೆಲವು ಕೈದಿಗಳು ಸತ್ತರು. ಇದನ್ನೂ ಹೇಳಲೇಬೇಕು.

ಪೋಲಿಷ್ ಮತ್ತು ಜೆಕ್ ಸದಸ್ಯರು ಬಲ ಪ್ರಯೋಗಿಸಿಯಾದರೂ ಕೈದಿಗಳನ್ನು ಡೇರೆಗೆ ತನ್ನಿ ಎಂದರು. ಸ್ವಿಸ್ ಮತ್ತು ಸ್ವೀಡಿಷ್ ಸದಸ್ಯರು ಖಂಡಿತ ಕೂಡದೆಂದರು. ಅಭಿಪ್ರಾಯ ಕೇಳುವುದಕ್ಕಾಗಿ ಮನುಷ್ಯರನ್ನು ಕೊಂದರೆ ಆ ಅಭಿಪ್ರಾಯಕ್ಕೆ ಅರ್ಥವೇನು? ತಿಮ್ಮಯ್ಯ ಬಲಪ್ರಯೋಗಕ್ಕೆ ಹೋಗಲಿಲ್ಲ. ಡಿಸೆಂಬರ್ 23ರಂದು ಅವಧಿ ಮುಗಿದಾಗ ಡೇರೆಯವರೆಗೆ ಬಂದಿದ್ದವರು ಮೂರು ಸಾವಿರ ಚಿಲ್ಲರೆ. ಊರಿಗೆ ಹೊರಟವರು ಆರುನೂರು ಚಿಲ್ಲರೆ. ಉಳಿದವರನ್ನು ಏನು ಮಾಡುವುದು? ಒಂದು ಬಣ, ಇನ್ನೂ ಇಟ್ಟುಕೊಳ್ಳಿ ಎಂದಿತು. ಇನ್ನೊಂದು, ಸ್ವತಂತ್ರರೆಂದು ಘೋಷಿಸಿ ಎಂದಿತು. ಎರಡಕ್ಕೂ ತಮಗೆ ಅಧಿಕಾರವಿಲ್ಲವೆಂದು ತಿಮ್ಮಯ್ಯ 1954ರ ಜನವರಿ 20ರಿಂದ ಕೈದಿಗಳನ್ನು ಮೊದಲು ಹಿಡಿದಿಟ್ಟವರಿಗೇ ಮರಳಿಸಿದರು. ಎರಡೂ ಕಡೆಯವರು ಬೈದರು. ಪಂಚಾಯಿತಿ ಮಾಡಿದವನಿಗೆ ಸಿಗುವ ಸಂಭಾವನೆ ಅದೇ ಅಲ್ಲವೇ!

ಸುಮಾರು 14,000 ಚೀನೀಯರು ತೈವಾನಿಗೆ ಹೋದರು. 21 ಅಮೆರಿಕನ್ನರು ಚೀನಾಕ್ಕೆ ಹೋದರು. ಅವರಲ್ಲಿ ಹೆಚ್ಚಿನವರು ಮುಂದಿನ ವರ್ಷಗಳಲ್ಲಿ ಮರಳಿ ಬಂದರು. ಹೋದದ್ದು ತಪ್ಪೋ ಬಂದದ್ದು ತಪ್ಪೋ, ಅಂತೂ ಮನಸ್ಸು ಬದಲಾಯಿಸಲು ಅವರಿಗೆ ದಾರಿ ಉಳಿದಿತ್ತು. ತೈವಾನಿಗೆ ಹೋದವರಿಗೆ ದಶಕಗಳ ಕಾಲ ಆ ದಾರಿಯೂ ಇರಲಿಲ್ಲ.

ಎಂಬತ್ತೆಂಟು ಜನ

ಎರಡು ಬಾಗಿಲೂ ಬೇಡವೆಂದವರು 88 ಜನ: 76 ಕೊರಿಯನ್ನರು, 12 ಚೀನೀಯರು. ಉತ್ತರವೂ ಬೇಡ, ದಕ್ಷಿಣವೂ ಬೇಡ, ತೈವಾನೂ ಬೇಡ. ಯಾವುದಾದರೂ ತಟಸ್ಥ ದೇಶಕ್ಕೆ ಕಳಿಸಿ ಎಂದರು. 1954ರ ಫೆಬ್ರವರಿಯಲ್ಲಿ ಭಾರತೀಯ ಪಡೆಯ ಜೊತೆ ಅವರೂ ಹಡಗು ಹತ್ತಿ ಭಾರತಕ್ಕೆ ಬಂದರು. ಬಹಳ ಜನ ಮುಂದೆ ಬ್ರೆಜಿಲ್ ಮತ್ತು ಅರ್ಜೆಂಟೀನಾಗಳಿಗೆ ಹೋದರು. ಕೆಲವರು ಭಾರತದಲ್ಲೇ ನೆಲೆ ನಿಂತರು. ಕೊರಿಯನ್ ಲೇಖಕ ಚೊಯ್ ಇನ್‌ಹೂನ್ 1960ರಲ್ಲಿ ಬರೆದ 'ಚೌಕ' ಎಂಬ ಕಾದಂಬರಿಯ ನಾಯಕ ಇಂಥವನೇ ಒಬ್ಬ. ಅವನು ಹತ್ತುವ ಹಡಗಿನ ಹೆಸರು 'ಟಾಗೋರ್'. ತಟಸ್ಥ ದೇಶ ಮುಟ್ಟುವ ಮೊದಲೇ ಅವನು ಸಮುದ್ರಕ್ಕೆ ಹಾರುತ್ತಾನೆ. ನಿಜವಾದ 88 ಜನ ಹಾರಲಿಲ್ಲ. ಭಾಷೆ ಬಾರದ ಊರುಗಳಲ್ಲಿ ಮೊದಲಿನಿಂದ ಬದುಕು ಕಟ್ಟಿಕೊಂಡರು.

ತಿಮ್ಮಯ್ಯ 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. 1965ರ ಡಿಸೆಂಬರ್ 18ರಂದು ಸೈಪ್ರಸ್‌ನಲ್ಲಿ, ಗ್ರೀಕರು ಮತ್ತು ತುರ್ಕರ ನಡುವೆ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿರುವಾಗಲೇ ತೀರಿಕೊಂಡರು. ಕೊರಿಯಾದ ಅನುಭವವನ್ನು ಅವರು ಬರೆದಿಟ್ಟ ಪುಸ್ತಕ ಅಚ್ಚಾದದ್ದು 1981ರಲ್ಲಿ. ಮಡಿಕೇರಿಯಲ್ಲಿ ಅವರ ಮನೆ 'ಸನ್ನಿಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಮುಂದಿನ ಸಲ ಕೊಡಗಿಗೆ ಹೋದಾಗ ಅಬ್ಬಿ ಜಲಪಾತದ ಜೊತೆಗೆ ಅದನ್ನೂ ನೋಡಿಕೊಂಡು ಬನ್ನಿ.

ಕೊರಿಯಾದಲ್ಲಿ ಇಂದಿಗೂ ಇರುವುದು ಕದನವಿರಾಮವೇ. ಶಾಂತಿ ಒಪ್ಪಂದ ಆಗಲೇ ಇಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ನಾಗರಿಕರು ಸತ್ತ ಆ ಯುದ್ಧದಲ್ಲಿ ಗೆರೆ ಹೆಚ್ಚುಕಡಿಮೆ ಮೊದಲಿದ್ದ ಜಾಗದಲ್ಲೇ ಉಳಿಯಿತು. ಆದರೆ ಕೈದಿಗೂ ಬಾಯಿದೆ, ಅವನನ್ನೂ ಕೇಳಬೇಕು ಎಂಬ ಮಾತು ಅಲ್ಲಿಂದ ಮುಂದೆ ಲೋಕದ ನಡವಳಿಕೆಯಲ್ಲಿ ಸೇರಿತು. ಅರ್ಧಂಬರ್ಧವಾಗಿ, ಹಚ್ಚೆಯ ಕಲೆಯೊಂದಿಗೆ ಸೇರಿತು, ನಿಜ. ಊರು ಬಿಟ್ಟು ಬಂದ ನಾವು ಹೋಗುವುದೋ ಇರುವುದೋ ಎಂದು ವರ್ಷಕ್ಕೊಮ್ಮೆಯಾದರೂ ಊಟದ ಮೇಜಿನ ಮುಂದೆ ಕೂತು ಚರ್ಚಿಸುತ್ತೇವೆ. ಆ ಚರ್ಚೆಯನ್ನು ನಾವೇ ಮಾಡಿಕೊಳ್ಳಬಹುದು, ನಾಳೆ ಮನಸ್ಸು ಬದಲಾಯಿಸಲೂಬಹುದು. ಆ ಕೈದಿಗಳಿಗೆ ಸಿಕ್ಕಿದ್ದು ಒಂದು ಡೇರೆ, ಎರಡು ಬಾಗಿಲು, ಕೆಲವು ನಿಮಿಷ.