ಬೆಲ್‌ವ್ಯೂ ಪ್ರಯೋಗಾಲಯ: ವಿಷಾನಿಲದ ಜಾಡು ಹಿಡಿದವರು

ನ್ಯೂಯಾರ್ಕ್ ನಗರದಲ್ಲಿ ಅನುಮಾನಾಸ್ಪದ ಸಾವಿನ ಕಾರಣ ಹೇಳುವ ಅಧಿಕಾರ 1917ರವರೆಗೂ ಕೊರೊನರ್‌ಗಳ ಕೈಯಲ್ಲಿತ್ತು. ಅವರು ಚುನಾವಣೆಯಲ್ಲಿ ಗೆದ್ದು ಬಂದವರು. ವೈದ್ಯಕೀಯ ಓದಿರಬೇಕೆಂಬ ಕಟ್ಟಳೆಯಿರಲಿಲ್ಲ. 1918ರಲ್ಲಿ ಆ ಹುದ್ದೆ ರದ್ದಾಗಿ ಮುಖ್ಯ ವೈದ್ಯಕೀಯ ಪರೀಕ್ಷಕರ ಕಚೇರಿ ಹುಟ್ಟಿತು. ಅದರ ಚುಕ್ಕಾಣಿ ಹಿಡಿದ ಡಾ. ಚಾರ್ಲ್ಸ್ ನಾರಿಸ್, ಬೆಲ್‌ವ್ಯೂ ಆಸ್ಪತ್ರೆಯ ರಸಾಯನತಜ್ಞ ಅಲೆಕ್ಸಾಂಡರ್ ಗೆಟ್ಲರ್ ಅವರನ್ನು ಕರೆದು ವಿಷಪರೀಕ್ಷೆಯ ಹೊಣೆ ಒಪ್ಪಿಸಿದರು. ನಗರಾಡಳಿತ ಹಣಕ್ಕೆ ಕೈ ಬಿಗಿಹಿಡಿದಾಗ ನಾರಿಸ್ ಸ್ವಂತ ದುಡ್ಡು ಹಾಕಿ ಸಾಮಗ್ರಿ ತರಿಸಿದರು.

ಆಗ ಅಲ್ಲಿನ ಮನೆಗಳಿಗೆ ದೀಪಕ್ಕೂ ಒಲೆಗೂ ಕೊಳವೆಯಲ್ಲಿ ಬರುತ್ತಿದ್ದ ಅನಿಲ ಕಲ್ಲಿದ್ದಲಿನಿಂದ ತಯಾರಾದದ್ದು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಧಾರಾಳವಾಗಿತ್ತು. ಕೊಳವೆ ಸೋರಿ ಸತ್ತವರು, ತಾವಾಗಿಯೇ ಅನಿಲ ತೆರೆದಿಟ್ಟು ಸತ್ತವರು, ಬೇರೆ ರೀತಿಯಲ್ಲಿ ಕೊಂದು ಅನಿಲದ ಮೇಲೆ ಹೊರಿಸಲಾದವರು ಎಲ್ಲರೂ ಒಂದೇ ಶವಾಗಾರಕ್ಕೆ ಬರುತ್ತಿದ್ದರು. ಬೇರ್ಪಡಿಸುವುದು ಹೇಗೆ? ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ರಕ್ತಕ್ಕೆ ಚೆರ್ರಿ ಹಣ್ಣಿನ ಕೆಂಪು ಕೊಡುತ್ತದೆ. ಕಾಸ್ಟಿಕ್ ಸೋಡಾ ಬೆರೆಸಿದರೆ ಸಾಮಾನ್ಯ ರಕ್ತ ಹಸಿರು ಮಿಶ್ರಿತ ಕಂದಾಗುತ್ತದೆ, ಈ ರಕ್ತ ಕೆಂಪಾಗಿಯೇ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಸತ್ತವರು ಉಸಿರಾಡುವುದಿಲ್ಲ. ಹೆಣವನ್ನು ಅನಿಲ ತುಂಬಿದ ಕೋಣೆಯಲ್ಲಿಟ್ಟರೆ ಅದು ಒಳಗಿನ ರಕ್ತಕ್ಕೆ ಇಳಿಯುವುದಿಲ್ಲ. ಹಾಗಾಗಿ ಒಂದು ಬಾಟಲಿ ರಕ್ತದಿಂದಲೇ ಕೊಲೆಗಾರನ ಕಟ್ಟುಕಥೆ ಒಡೆದುಹೋಗುತ್ತಿತ್ತು.

ನನ್ನ ಮಟ್ಟಿಗೆ ಈ ಪ್ರಯೋಗಾಲಯದ ಘನತೆ ಇರುವುದು ಅಪರಾಧಿಗಳನ್ನು ಹಿಡಿದುಕೊಟ್ಟದ್ದರಲ್ಲಿ ಅಲ್ಲ, 1926ರ ಬ್ರೂಕ್ಲಿನ್ ಪ್ರಕರಣದಂಥವುಗಳಲ್ಲಿ. ಬಂದರಿನ ಕೂಲಿಯೊಬ್ಬ ಮಹಿಳೆಯ ದೇಹದ ತುಂಡುಗಳನ್ನು ಗಂಟು ಕಟ್ಟಿ ಒಯ್ಯುವಾಗ ಪೊಲೀಸರಿಗೆ ಸಿಕ್ಕಿಬಿದ್ದ. ಜಗಳದಲ್ಲಿ ತಾನೇ ಕೊಂದೆನೆಂದು ಅವನೂ ನಂಬಿದ್ದ. ಗಲ್ಲು ಖಚಿತ ಎನ್ನುವಂತಿತ್ತು. ಆದರೆ ಆಕೆಯ ರಕ್ತದಲ್ಲಿ ಗೆಟ್ಲರ್‌ಗೆ ಸಿಕ್ಕಿದ್ದು ಕಾರ್ಬನ್ ಮಾನಾಕ್ಸೈಡ್. ಒಲೆಯಿಂದ ಸೋರಿದ ಅನಿಲವೇ ಆಕೆಯನ್ನು ಕೊಂದಿತ್ತು; ಅವನು ಕತ್ತರಿಸಿದ್ದು ಅದಾಗಲೇ ಸತ್ತಿದ್ದವಳನ್ನು. ಅವನು ಮಾಡಿದ್ದು ಘೋರವೇ. ಆದರೆ ಕೊಲೆಯಲ್ಲ, ನ್ಯಾಯಾಲಯವೂ ಕೊಲೆ ಆರೋಪದಿಂದ ಅವನನ್ನು ಬಿಟ್ಟಿತು.

ಎಲ್ಲ ಸಲವೂ ಗೆಲುವು ಸಿಗಲಿಲ್ಲ. 1922ರಲ್ಲಿ ಬ್ರೂಕ್ಲಿನ್‌ನ ಹೋಟೆಲೊಂದರಲ್ಲಿ ವೃದ್ಧ ದಂಪತಿ ಸತ್ತಿದ್ದರು. ಕೆಳಗೆ ತಿಗಣೆ, ಜಿರಲೆ ಕೊಲ್ಲಲು ಸೈನೈಡ್ ಅನಿಲ ಬಿಡಲಾಗಿತ್ತು. ನುಂಗಿದ ವಿಷವಾದರೆ ಹೊಟ್ಟೆಯಲ್ಲಿ ಹುಡುಕಬೇಕು, ಉಸಿರಾಡಿದ್ದಾದರೆ ಶ್ವಾಸಕೋಶದಲ್ಲಿ. ಗೆಟ್ಲರ್ ಶ್ವಾಸಕೋಶದಲ್ಲೇ ಸೈನೈಡ್ ಕಂಡುಹಿಡಿದರು. ಆದರೂ ಆರೋಪಿಗಳು ಬಿಡುಗಡೆಯಾದರು. ಹೊಸ ವಿಜ್ಞಾನವನ್ನು ನ್ಯಾಯಾಲಯ ಇನ್ನೂ ಪೂರ್ತಿ ನಂಬಿರಲಿಲ್ಲ.

ಆ ನಂಬಿಕೆಯನ್ನು ಗಳಿಸಲು ಗೆಟ್ಲರ್ ಹಿಡಿದ ದಾರಿ ತಾಳ್ಮೆಯದು. ಕಟುಕರ ಅಂಗಡಿಯಿಂದ ಪಿತ್ತಜನಕಾಂಗ ತಂದು, ಅಳತೆ ಮಾಡಿದ ವಿಷ ಬೆರೆಸಿ, ಎಷ್ಟು ಕಡಿಮೆಯಿದ್ದರೂ ಪತ್ತೆಯಾಗುತ್ತದೆಂದು ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದರು. ನಾರಿಸ್ 1935ರಲ್ಲಿ ತೀರಿಕೊಂಡರು. ಗೆಟ್ಲರ್ 1959ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರ ಶಿಷ್ಯರು ಅಮೆರಿಕದ ಹಲವು ನಗರಗಳ ಪ್ರಯೋಗಾಲಯಗಳಲ್ಲಿ ನೆಲೆಯೂರಿದ್ದರು.

ಬಣ್ಣ ನೋಡುವ ಪರೀಕ್ಷೆಯ ಜಾಗಕ್ಕೆ ಈಗ ಸ್ಪೆಕ್ಟ್ರೋಫೋಟೋಮೀಟರ್, ಗ್ಯಾಸ್ ಕ್ರೊಮಟೋಗ್ರಫಿ ಬಂದಿವೆ. ಪ್ರಶ್ನೆ ಮಾತ್ರ ಅದೇ. ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿಸಿ ಸತ್ತವರ ಸುದ್ದಿ ಬೆಂಗಳೂರಿನಿಂದಲೂ ಬರುತ್ತಿರುತ್ತದೆ. ಮೈಮೇಲೆ ಗಾಯವಿಲ್ಲ, ಬಾಗಿಲು ಒಳಗಿನಿಂದ ಹಾಕಿದೆ ಎಂಬ ಇಂಥ ಸಾವುಗಳಲ್ಲಿ ಇಂದಿಗೂ ಮೊದಲು ಪರೀಕ್ಷೆಗೆ ಹೋಗಬೇಕಾದದ್ದು ರಕ್ತವೇ.